ಬೆರಗಿಗೂ ತಯಾರಿ ಬೇಕು: ಧಾರವಾಡದ ಗೆಳೆಯನಿಗೊಂದು ಪತ್ರ

ಮಂಗಳೂರು

ಪ್ರೀತಿಯ ಗೆಳೆಯಾ,

ನಿನ್ನ ಪತ್ರದ ಎರಡು ಮಾತಿಗೆ ಉತ್ತರ ಕೊಡದೆ ಬಿಡಲಿಕ್ಕೆ ಮನಸ್ಸಾಗುವುದಿಲ್ಲ. ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ಮುಗಿದಿದೆ, ಈಗ ಯಾವುದನ್ನು ಕಂಡರೂ ಬೆರಗಾಗುವುದಿಲ್ಲ ಅಂತ ಬರೆದಿದ್ದೀ. ಕಾರಣ ಗೊತ್ತಾದ ಕೂಡಲೇ ವಿಸ್ಮಯ ಸತ್ತುಹೋಗುತ್ತದೆ ಅಂತಲೂ ಬರೆದಿದ್ದೀ. ಮೊದಲನೆಯದನ್ನು ಅರ್ಧ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಿಕ್ಕೆ ಸಾಧ್ಯವೇ ಇಲ್ಲ ಮಾರಾಯಾ. ತಿಳಿದಷ್ಟೂ ಬೆರಗು ಹೆಚ್ಚಾಗುವ ಸಂಗತಿಗಳು ನಮ್ಮ ಕರಾವಳಿಯಲ್ಲೇ ಬೇಕಾದಷ್ಟು ಉಂಟು. ನೋಡುವವನಿಗೆ ಸ್ವಲ್ಪ ತಯಾರಿ ಬೇಕು. ಆ ತಯಾರಿ ಹೇಗೆ ಅಂತಲೇ ಈ ಪತ್ರ. ನಿನ್ನ ಹಾಗೆ ಹೇಳುವವರು ಸುತ್ತಮುತ್ತ ತುಂಬ ಜನ ಇರುವುದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ 2003ರಲ್ಲಿ ಈ ಭಾವನೆಗೆ ಎರಡು ಲಕ್ಷಣ ಹೇಳಿದರು. ಎದುರಿಗಿರುವುದು ನಮಗಿಂತ ಬಹಳ ದೊಡ್ಡದು ಅನ್ನಿಸಬೇಕು. ಗಾತ್ರದಲ್ಲೇ ಆಗಬೇಕೆಂದಿಲ್ಲ, ಕಾಲದಲ್ಲಿ, ಶಕ್ತಿಯಲ್ಲಿ, ಗುಣದಲ್ಲಿ ದೊಡ್ಡದಾದರೂ ಸರಿ. ಜೊತೆಗೆ, ತಲೆಯಲ್ಲಿ ಮೊದಲೇ ಇರುವ ಯಾವ ಲೆಕ್ಕಕ್ಕೂ ಅದು ಸುಲಭವಾಗಿ ಸೇರಬಾರದು, ಅದನ್ನು ಸೇರಿಸಿಕೊಳ್ಳಲಿಕ್ಕೆ ಮನಸ್ಸು ತನ್ನ ಅಳತೆಗೋಲನ್ನೇ ಬದಲಿಸಬೇಕು. ಎರಡೂ ಕೂಡಿದಾಗ ಮಾತ್ರ ಬೆರಗು. ಬರೀ ದೊಡ್ಡದಾಗಿದ್ದರೆ ಅದು ದೊಡ್ಡ ಕಟ್ಟಡ, ಬರೀ ಹೊಸದಾಗಿದ್ದರೆ ಕುತೂಹಲ.

ಮೊಬೈಲು ಕೆಡಿಸುವುದು ಎಲ್ಲಿ ಅಂತ ಈಗ ಗೊತ್ತಾಗುತ್ತದೆ ನೋಡು. ಅಂಗೈಯಗಲದ ಪರದೆಯಲ್ಲಿ ಜೋಗವೂ ಒಂದೇ ಅಳತೆ, ಮನೆಯ ಬೆಕ್ಕೂ ಒಂದೇ ಅಳತೆ. ಡ್ರೋನಿನಲ್ಲಿ ತೆಗೆದ ಚಿತ್ರ ಎಷ್ಟೇ ಚೆಂದ ಇರಲಿ, ಅದರಲ್ಲಿ ನೋಡುವವನ ಮೈ ಇಲ್ಲ. ಕತ್ತು ಎತ್ತುವುದಿಲ್ಲ, ಕಾಲು ಸೋಲುವುದಿಲ್ಲ, ಗಾಳಿ ಬಡಿಯುವುದಿಲ್ಲ. ಹಾಗಾಗಿ ಅಳತೆಗೋಲು ಬದಲಿಸುವ ಪ್ರಮೇಯವೇ ಬರುವುದಿಲ್ಲ. ನೀನು ನೋಡಿ ಮುಗಿಸಿದ್ದೇನೆ ಅಂದುಕೊಂಡದ್ದರಲ್ಲಿ ಹೆಚ್ಚಿನದನ್ನು ನೀನು ನೋಡಿಯೇ ಇಲ್ಲ.

ಮೈಯ ಪಾಲು ಇದರಲ್ಲಿ ದೊಡ್ಡದು ಅಂತ ನಮ್ಮ ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ಭರತನ ನಾಟ್ಯಶಾಸ್ತ್ರ ಅದ್ಭುತರಸಕ್ಕೆ ವಿಸ್ಮಯವನ್ನು ಸ್ಥಾಯಿಭಾವ ಎಂದು ಹೇಳಿ, ಹಳದಿ ಬಣ್ಣವನ್ನೂ ಬ್ರಹ್ಮನನ್ನು ಅಧಿದೇವತೆಯಾಗಿಯೂ ಕೊಟ್ಟಿದೆ. ಕಣ್ಣು ಅರಳುವುದು, ರೆಪ್ಪೆ ಬಡಿಯದೆ ನೋಡುವುದು, ರೋಮಾಂಚ, ಕಣ್ಣೀರು, ಬೆವರು, 'ಸಾಧು' ಎಂಬ ಉದ್ಗಾರ, ಎಲ್ಲವನ್ನೂ ಪಟ್ಟಿ ಮಾಡಿದೆ. ರೋಮಾಂಚ ಅಂದರೆ ಪ್ರತಿ ಕೂದಲಿನ ಬುಡದಲ್ಲಿರುವ ಪುಟ್ಟ ಸ್ನಾಯು ಬಿಗಿಯುವುದು. ಚಳಿಗೂ ಭಯಕ್ಕೂ ಬಿಗಿಯುವುದು ಅದೇ ಸ್ನಾಯು. ಬೆರಗೂ ಭಯವೂ ಅಕ್ಕಪಕ್ಕದ ಮನೆಯವರು, ಆ ಮಾತಿಗೆ ಮತ್ತೆ ಬರುತ್ತೇನೆ.

ಇದನ್ನು ಅಭ್ಯಾಸದಿಂದ ತಂದುಕೊಳ್ಳಬಹುದು ಎನ್ನಲಿಕ್ಕೆ ಒಂದು ಅಧ್ಯಯನ ಸಾಕು. 2020ರಲ್ಲಿ ಪ್ರಕಟವಾದದ್ದು, ಕ್ಯಾಲಿಫೋರ್ನಿಯಾದ್ದು. ವಯಸ್ಸಾದವರಿಗೆ ಎಂಟು ವಾರ, ವಾರಕ್ಕೊಮ್ಮೆ ಹದಿನೈದು ನಿಮಿಷ ನಡೆಯಲಿಕ್ಕೆ ಹೇಳಿದರು. ಒಂದು ಗುಂಪಿಗೆ ಮಾತ್ರ ಹೊಸದನ್ನೂ ದೊಡ್ಡದನ್ನೂ ಗಮನಿಸುತ್ತಾ ನಡೆಯಿರಿ ಎಂಬ ಸೂಚನೆ ಹೆಚ್ಚು. ನಡಿಗೆಯಲ್ಲಿ ಎಲ್ಲರೂ ತಮ್ಮ ಸೆಲ್ಫಿ ತೆಗೆಯಬೇಕಿತ್ತು. ವಾರ ಕಳೆದಂತೆ ಆ ಗುಂಪಿನವರ ಚಿತ್ರಗಳಲ್ಲಿ ಅವರ ಆಕೃತಿ ಚಿಕ್ಕದಾಗುತ್ತಾ, ಹಿನ್ನೆಲೆ ದೊಡ್ಡದಾಗುತ್ತಾ ಬಂತು, ನಗು ಅಗಲವಾಗುತ್ತಾ ಹೋಯಿತು. ಹದಿನೈದು ನಿಮಿಷದ ಲೆಕ್ಕವನ್ನು ನೆನಪಿಟ್ಟುಕೊ. ಒಂದೇ ದಿನದಲ್ಲಿ ಆರು ಜಾಗ ಸುತ್ತುವ ಪ್ಯಾಕೇಜಿನಲ್ಲಿ ಯಾವ ಜಾಗಕ್ಕೂ ಅಷ್ಟು ಹೊತ್ತು ಸುಮ್ಮನೆ ನಿಲ್ಲಲಿಕ್ಕೆ ಸಿಗುವುದಿಲ್ಲ.

ಇನ್ನು ನಮ್ಮ ಊರಿನ ಮಾತು.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಚಿತ್ರ ನೀನು ನೋಡಿಯೇ ಇರುತ್ತೀ. ಜನ ಬಂದು ತೆಂಗಿನ ಮರದ ಕೆಳಗೆ ಫೋಟೋ ತೆಗೆದು, ನೀರಿನಲ್ಲಿ ಕಾಲಾಡಿಸಿ ಹೋಗುತ್ತಾರೆ. ಕಲ್ಲಿನ ಕಂಬಗಳು ಅವರ ಪಾಲಿಗೆ ಹಿನ್ನೆಲೆ. ಅಲ್ಲಿ ನಿಜವಾಗಿ ಬೆರಗಾಗಬೇಕಾದರೆ ದೋಣಿ ಹತ್ತುವ ಮೊದಲು ಮಲ್ಪೆಯ ಮರಳಿನ ಮೇಲೆ ಅರ್ಧ ಗಂಟೆಯ ಕೆಲಸ ಉಂಟು.

ಆ ಕಲ್ಲಿನ ವಯಸ್ಸು ಸುಮಾರು 8.8 ಕೋಟಿ ವರ್ಷ. ಹೀಗೆ ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ, ಕೋಟಿ ಎಂಬುದು ಕಿವಿಗೆ ಬರೀ ಸದ್ದು. ಅದನ್ನು ಕಾಲಿಗೆ ಕೊಡಬೇಕು. ಒಂದು ಮಿಲಿಮೀಟರ್ ಅಂದರೆ ಸಾವಿರ ವರ್ಷ ಅಂತ ಇಟ್ಟುಕೊ. 8.8 ಕೋಟಿ ವರ್ಷ 88 ಮೀಟರ್ ಆಗುತ್ತದೆ. ಮೊದಲು ನಿನ್ನ ಹೆಜ್ಜೆಯನ್ನು ಅಳೆ. ಟೇಪಿನಲ್ಲಿ ಹತ್ತು ಮೀಟರ್ ಗುರುತು ಮಾಡಿ ಸಹಜವಾಗಿ ನಡೆ. ಹದಿಮೂರು ಹದಿನಾಲ್ಕು ಹೆಜ್ಜೆ ಬರಬಹುದು, ಅಂದರೆ 88 ಮೀಟರಿಗೆ ಸುಮಾರು 118 ಹೆಜ್ಜೆ. ಈ ಅಳತೆಯನ್ನು ಮರಳಿನ ಮೇಲೆಯೇ ಮಾಡು. ಸಿಮೆಂಟಿನ ನೆಲದಲ್ಲಿ ಅಳೆದು ಮರಳಿನಲ್ಲಿ ನಡೆದರೆ ಹೆಜ್ಜೆ ಕುಗ್ಗಿ ಲೆಕ್ಕ ತಪ್ಪುತ್ತದೆ. ನೀರಿನಂಚಿನ ಗಟ್ಟಿ ಮರಳು ಒಳ್ಳೆಯದು.

ಶುರುವಾಗುವ ಜಾಗದಲ್ಲಿ ಒಂದು ಕೋಲು ನೆಡು. ಅದು ಆ ಕಲ್ಲು ಹುಟ್ಟಿದ ಕಾಲ. ಆಗ ಭಾರತಕ್ಕೂ ಮಡಗಾಸ್ಕರಿಗೂ ನಡುವೆ ಕಡಲು ಇರಲಿಲ್ಲ, ಎರಡೂ ಅಂಟಿಕೊಂಡಿದ್ದು ಆಗಷ್ಟೇ ಸೀಳುತ್ತಿದ್ದವು. ಸೀಳಿನಲ್ಲಿ ಮೇಲೆ ಬಂದ ಲಾವಾ ನಮ್ಮ ಕಡೆ ಈ ದ್ವೀಪಗಳಾಗಿ ಉಳಿಯಿತು, ಅದೇ ವಯಸ್ಸಿನ ಅಗ್ನಿಶಿಲೆ ಮಡಗಾಸ್ಕರಿನಲ್ಲೂ ಉಂಟು. ಈಗ ನಡುವೆ ಸುಮಾರು 4,000 ಕಿಲೋಮೀಟರ್ ನೀರು. 22 ಮೀಟರ್ ನಡೆ: ಡೈನೋಸಾರ್‌ಗಳು ಅಳಿದವು. 38 ಮೀಟರಿನ ಆಸುಪಾಸಿನಲ್ಲಿ ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳಲಿಕ್ಕೆ ಶುರುವಾಯಿತು. ಅಲ್ಲಿಂದ ಮುಂದೆ ಎಲ್ಲೂ ನಿಲ್ಲಬೇಡ, ಮಾತಾಡಬೇಡ, ಸುಮ್ಮನೆ ನಡೆಯುತ್ತಾ ಹೋಗು. ಈ ಉದ್ದದ ಖಾಲಿ ನಡಿಗೆಯೇ ಮುಖ್ಯ. ಇಲ್ಲಿ ಬೇಸರ ಬಂದು ನಡುವೆ ನಿಂತು ಹರಟುವವರಿಗೆ ಕೊನೆಯಲ್ಲಿ ಏನೂ ಅನ್ನಿಸುವುದಿಲ್ಲ.

88 ಮೀಟರಿಗೆ ಇನ್ನೊಂದು ಕೋಲು ನೆಟ್ಟು ಮಂಡಿಯೂರಿ ಕೂತು ನೋಡು. ನಮ್ಮ ಮನುಷ್ಯಜಾತಿ ಇರುವುದು ಕೊನೆಯ 30 ಸೆಂಟಿಮೀಟರಿನಲ್ಲಿ, ಶಾಲೆಯ ಮಕ್ಕಳ ಸ್ಕೇಲಿನ ಉದ್ದ. ಬರಹ ಅಂತ ಶುರುವಾಗಿ ಇವತ್ತಿನವರೆಗೆ ಬರೆದದ್ದೆಲ್ಲ ಕೊನೆಯ 5 ಮಿಲಿಮೀಟರ್. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟ ಕೊನೆಯಿಂದ ಅರ್ಧ ಮಿಲಿಮೀಟರಿಗಿಂತ ಒಂಚೂರು ಹಿಂದೆ. ಮಧ್ವಾಚಾರ್ಯರ 13ನೆಯ ಶತಮಾನ ಅದಕ್ಕಿಂತ ಸ್ವಲ್ಪ ಹಿಂದೆ, ಅದೂ ಒಂದು ಮಿಲಿಮೀಟರಿನ ಒಳಗೆ. ಎಂಬತ್ತು ವರ್ಷದ ಪೂರ್ಣಾಯುಸ್ಸು ಒಂದು ನೋಟ್‌ಬುಕ್ ಹಾಳೆಯ ದಪ್ಪಕ್ಕೆ ಬಂದು ನಿಲ್ಲುತ್ತದೆ. ಜೇಬಿನಲ್ಲಿ ಒಂದು ಹಾಳೆ ಇಟ್ಟುಕೊಂಡು ಹೋಗು, ಅದನ್ನು ಕೋಲಿಗೆ ಒತ್ತಿ ಹಿಡಿದು, ತಿರುಗಿ ಆ ಮೊದಲ ಕೋಲನ್ನು ನೋಡು. ಇದನ್ನು ಓದಿ ತಿಳಿಯುವುದಕ್ಕೂ ಮಾಡಿ ತಿಳಿಯುವುದಕ್ಕೂ ಅಜಗಜಾಂತರ.

ಅದಾದ ಮೇಲೆ ದೋಣಿ ಹತ್ತು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಬಿಡುವ ತಿಂಗಳುಗಳಲ್ಲೂ ಬೆಳಗ್ಗಿನ ಮೊದಲ ದೋಣಿಗೆ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ಕಡಲು ಇಳಿತದಲ್ಲಿರುವ ಹೊತ್ತನ್ನು ನೋಡಿಕೊಂಡರೆ ಕಂಬಗಳ ಬುಡದವರೆಗೂ ಕಾಣುತ್ತದೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಡಬೇಡ, ಬಿದ್ದರೆ ಕಲ್ಲಿನ ಅಂಚು ಕತ್ತಿಯ ಹಾಗೆ ಕೊಯ್ಯುತ್ತದೆ. ಸೇಂಟ್ ಮೇರೀಸ್ ಗುಂಪಿನ ತೆಂಗಿನ ದ್ವೀಪದಲ್ಲಿ ಎತ್ತರದ ಕಂಬಗಳು ಆರು ಮೀಟರಿನಷ್ಟು ಉಂಟು. ಒಂದನ್ನು ಆಯ್ದುಕೊಂಡು ಅದರ ಮುಖಗಳನ್ನು ಬೆರಳಿಟ್ಟು ಎಣಿಸು. ಆರು ಹೆಚ್ಚು ಸಿಗುತ್ತವೆ, ಐದು, ಏಳೂ ಸಿಗುತ್ತವೆ.

ಯಾಕೆ ಹೀಗೆ ಅಂದರೆ, ಲಾವಾ ತಣಿಯುವಾಗ ಕುಗ್ಗುತ್ತದೆ. ಕುಗ್ಗಿದಾಗ ಎಳೆತ ಹುಟ್ಟಿ ಬಿರುಕು ಬಿಡುತ್ತದೆ, ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರು ಬಿರಿಯುವ ಹಾಗೆಯೇ. ಬಿರುಕಿನ ಒಟ್ಟು ಉದ್ದ ಆದಷ್ಟು ಕಡಿಮೆ ಇದ್ದು ಎಳೆತ ಆದಷ್ಟು ಹೆಚ್ಚು ಸಡಿಲವಾಗಬೇಕಾದರೆ ಮೂರು ಬಿರುಕು ಒಂದು ಬಿಂದುವಿನಲ್ಲಿ 120 ಡಿಗ್ರಿಯಲ್ಲಿ ಕೂಡಬೇಕು. ಎಲ್ಲ ಕಡೆ ಹಾಗೇ ಕೂಡಿದರೆ ಷಟ್ಕೋನ. ತಣಿಯುವ ಮೇಲ್ಮೈಯಿಂದ ಒಳಕ್ಕೆ ಬಿರುಕು ಇಳಿಯುತ್ತಾ ಹೋದಂತೆ ಅದೇ ಆಕಾರ ಉದ್ದಕ್ಕೆ ಬೆಳೆದು ಕಂಬವಾಗುತ್ತದೆ. ನಿಧಾನ ತಣಿದರೆ ದಪ್ಪ ಕಂಬ, ಬೇಗ ತಣಿದರೆ ಸಪೂರ ಕಂಬ. ಹಾಗಾಗಿ ಎರಡು ಕಂಬದ ದಪ್ಪ ಹೋಲಿಸಿದರೆ ಆ ಲಾವಾ ಯಾವ ವೇಗದಲ್ಲಿ ತಣಿಯಿತು ಎಂಬುದನ್ನು ಓದಿದ ಹಾಗೆ. ಇವು ಕಪ್ಪು ಬಸಾಲ್ಟ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಭೂವಿಜ್ಞಾನಿಗಳು ಪರೀಕ್ಷಿಸಿ ಹೇಳಿರುವುದು ರಯೋಲೈಟ್ ಮತ್ತು ಡೇಸೈಟ್ ಜಾತಿಯ ಶಿಲೆ ಎಂದು.

ಈಗ ಹೇಳು, ಕಾರಣ ಗೊತ್ತಾದ್ದರಿಂದ ಏನು ಸತ್ತಿತು? ಯಾರೋ ಕಡೆದಿಟ್ಟ ಹಾಗೆ ಕಾಣುವ ಸಾಲುಕಂಬ ಯಾರೂ ಕಡೆಯದೆ ಬಂದದ್ದು ಎಂದು ತಿಳಿದಾಗ ನನಗಂತೂ ಕೈ ತಾನಾಗಿ ಆ ಕಲ್ಲಿನ ಕಡೆ ಹೋಗುತ್ತದೆ.

ಮನುಷ್ಯರು ಬೆರಗನ್ನು ಕಟ್ಟಿ ನಿಲ್ಲಿಸುವ ವಿದ್ಯೆ ಬೇರೆಯೇ ಉಂಟು. ಅದನ್ನು ನೋಡಲಿಕ್ಕೆ ತೆಂಕುತಿಟ್ಟು ಯಕ್ಷಗಾನದಲ್ಲಿ ರಾಕ್ಷಸರಿಗೆ ಕಟ್ಟುವ ಬಣ್ಣದ ವೇಷಕ್ಕಿಂತ ಒಳ್ಳೆಯ ಪಾಠ ಇಲ್ಲ. ನಿಮ್ಮ ಕಡೆಯ ಬಯಲಾಟ ನೋಡಿದವನಿಗೆ ಇದು ಹೊಸದಲ್ಲ ಅನ್ನಿಸಬಹುದು, ಆದರೂ ಒಮ್ಮೆ ವೇಷ ಕಟ್ಟುವ ಚೌಕಿಗೆ ಹೋಗಿ ನೋಡು, ಕೇಳಿದರೆ ಬಾಗಿಲ ಬಳಿ ನಿಲ್ಲಲಿಕ್ಕೆ ಬಿಡುತ್ತಾರೆ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಚಿಟ್ಟಿಯನ್ನು ಕಡ್ಡಿಯಿಂದ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಮುಳ್ಳಿನ ಹಾಗೆ ಎದ್ದು ನಿಲ್ಲುವವರೆಗೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಕಲಸಿದ್ದು ನೀರಾದರೆ ಚುಕ್ಕಿ ಹರಿದು ಚಪ್ಪಟೆಯಾಗುತ್ತದೆ, ಗಟ್ಟಿಯಾದರೆ ಕುಣಿಯುವಾಗ ಉದುರುತ್ತದೆ. ವೇಷಧಾರಿ ಅಷ್ಟು ಹೊತ್ತು ನಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ.

ಇದರಿಂದ ಏನಾಗುತ್ತದೆ ಅಂದರೆ, ಮನುಷ್ಯನ ಮುಖವನ್ನು ಗುರುತಿಸುವ ನಮ್ಮ ಕಣ್ಣಿನ ಅಭ್ಯಾಸ ಅಲ್ಲಿ ಸೋಲುತ್ತದೆ. ಕೆನ್ನೆ ಎಲ್ಲಿ ಮುಗಿಯಿತು, ಹುಬ್ಬು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಮೇಲಿಂದ ದೊಡ್ಡ ಕಿರೀಟ ಬಂದು ತಲೆಯ ಅಳತೆಯೂ ತಪ್ಪುತ್ತದೆ. ಆಮೇಲೆ ತೋರಿಸುವ ಕ್ರಮ. ತೆರೆಯ ಹಿಂದಿನಿಂದ ಮೊದಲು ಆರ್ಭಟೆ ಮಾತ್ರ ಕೇಳುತ್ತದೆ. ಮತ್ತೆ ಕಿರೀಟದ ತುದಿ, ತೆರೆಯ ಅಂಚು ಹಿಡಿದ ಬೆರಳು, ಅರ್ಧ ಮುಖ, ಮತ್ತೆ ಮರೆ. ಚೆಂಡೆ ಏರುತ್ತಾ ಹೋಗುತ್ತದೆ. ದೇವಿಮಹಾತ್ಮೆ ಪ್ರಸಂಗದ ಮಹಿಷಾಸುರನಂತೂ ರಂಗಸ್ಥಳಕ್ಕೆ ಎದುರಿನಿಂದ, ಕೂತ ಜನರ ನಡುವೆ ದೊಂದಿ ಹಿಡಿದವರ ಜೊತೆ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ ಎದ್ದು ಮುಖ ಒಂದು ಕ್ಷಣ ಕಂಡು ಮತ್ತೆ ಕತ್ತಲಿಗೆ ಹೋಗುತ್ತದೆ. ಅಲ್ಲಾಡುವ ಬೆಳಕಿನಲ್ಲಿ ಒಂದೊಂದು ಚಿಟ್ಟಿಯ ನೆರಳೂ ಸರಿಯುವುದರಿಂದ ಮುಖವೇ ಕುದಿಯುತ್ತಿರುವ ಹಾಗೆ ಕಾಣುತ್ತದೆ. ದೊಡ್ಡದು, ಲೆಕ್ಕಕ್ಕೆ ಸಿಗದ್ದು, ಎರಡನ್ನೂ ಒಬ್ಬ ಸಾಧಾರಣ ಎತ್ತರದ ಮನುಷ್ಯನ ಮೇಲೆ ಕಟ್ಟಿದ್ದಾರೆ!

ಇದು ಕೆಡುವುದೂ ಸುಲಭ. ನಾಲ್ಕು ಮೂಲೆಗೂ ಎಲ್‌ಇಡಿ ದೀಪ ಹಾಕಿದರೆ ನೆರಳು ಹೋಯಿತು, ಚಿಟ್ಟಿ ಬಿಳಿ ಅಂಟಿನ ಹಾಗೆ ಕಾಣುತ್ತದೆ. ವೇಷ ಬರುವ ಮೊದಲೇ ಚೌಕಿಯ ಫೋಟೋ ಊರಿಡೀ ಹಂಚಿದರೆ ತೆರೆಯ ಕೆಲಸ ಮುಗಿದ ಹಾಗೆ. ಕಾಲಮಿತಿಯ ಆಟಗಳಿಗೆ ಅವುಗಳದೇ ಕಾರಣ ಇರಬಹುದು, ಆದರೆ ಬಣ್ಣದ ವೇಷಕ್ಕೆ ಬೇಕಾದ ಕಾಯಿಸುವ ಹೊತ್ತನ್ನು ಅವು ಕಡಿಮೆ ಮಾಡುತ್ತವೆ ಎಂದೇ ನನ್ನ ಅಭಿಪ್ರಾಯ. ಇಡೀ ರಾತ್ರಿಯ ಆಟ ಸಿಕ್ಕಿದರೆ ಅದಕ್ಕೇ ಹೋಗು. ಸಂಜೆ ಸ್ವಲ್ಪ ನಿದ್ದೆ ಮಾಡಿ, ನೆಲದ ಮೇಲೆ ಚಾಪೆ ಹಾಕಿ ಕೂತು ನೋಡು. ಕುರ್ಚಿಯಿಂದ ನೋಡಿದರೆ ವೇಷ ಎದುರಿಗೆ ಕಾಣುತ್ತದೆ, ನೆಲದಿಂದ ನೋಡಿದರೆ ಮೇಲೆ.

ಕಾರ್ಕಳದ ಗೊಮ್ಮಟನಿಗೂ ಇದೇ ಮಾತು. 42 ಅಡಿ ಅಂತ ಫಲಕ ಓದಿ ತೃಪ್ತಿಪಡಬೇಡ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಪಾದದ ಬಳಿ ನಿಂತು ಅವನ ಒಂದು ಕಾಲ್ಬೆರಳಿನ ಪಕ್ಕ ನಿನ್ನ ಅಂಗೈ ಹಿಡಿದು ಅಳತೆ ನೋಡಿಕೊ, ಆಮೇಲೆ ಕತ್ತೆತ್ತು.

ನೀನು ಊಹಿಸಿರಲಿಕ್ಕಿಲ್ಲದ ಇನ್ನೊಂದು ಸಂಗತಿ ಉಂಟು. ಕೆಲ್ಟ್ನರ್ ಮತ್ತು ಜೊತೆಗಾರರು 26 ದೇಶಗಳ ಜನರಿಂದ ಬೆರಗಿನ ಅನುಭವ ಬರೆಸಿಕೊಂಡಾಗ ಎಲ್ಲಕ್ಕಿಂತ ಹೆಚ್ಚು ಬಂದದ್ದು ಬೆಟ್ಟವೂ ಅಲ್ಲ, ಕಡಲೂ ಅಲ್ಲ. ಇನ್ನೊಬ್ಬ ಮನುಷ್ಯನ ಒಳ್ಳೆಯತನ, ಧೈರ್ಯ, ಛಲ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಳೆ ಮಾರಿ, ತನ್ನೂರು ನ್ಯೂಪಡ್ಪಿನಲ್ಲಿ ಶಾಲೆ ಎಬ್ಬಿಸಿದ ಹರೇಕಳ ಹಾಜಬ್ಬರ ವಿಷಯ ನಿನಗೆ ಗೊತ್ತು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರದ್ದು ಅಷ್ಟು ಗೊತ್ತಿರಲಿಕ್ಕಿಲ್ಲ, ಅವರಿಗೆ 2022ರಲ್ಲಿ ಬಂತು. ಕೂಲಿ ಕೆಲಸದವರು. ಸಿಕ್ಕಿದ ಜಾಗ ಗುಡ್ಡದ ಬೋಳು ಇಳಿಜಾರು, ನೀರಿಲ್ಲ. ದಿನದ ಕೂಲಿ ಮುಗಿಸಿ ಬಂದು ದೀಪ ಹಚ್ಚಿಕೊಂಡು ಒಬ್ಬರೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಒಂದರಲ್ಲಿ ನೀರು ಸಿಗಲಿಲ್ಲ, ಇನ್ನೊಂದು. ಅದರಲ್ಲೂ ಇಲ್ಲ, ಮತ್ತೊಂದು. ಹೀಗೆ ಒಂದರ ಹಿಂದೊಂದು ವ್ಯರ್ಥವಾದ ಮೇಲೆ ನೀರು ಸಿಕ್ಕಿತು, ಆ ಇಳಿಜಾರಿನಲ್ಲಿ ಅಡಿಕೆ ತೆಂಗು ಎದ್ದಿತು.

ಕೇಳಿ 'ಅಬ್ಬಾ' ಅಂದು ಮುಂದೆ ಹೋಗುವುದು ಸುಲಭ. ಇಲ್ಲೂ ಲೆಕ್ಕ ಹಾಕಬೇಕು. ನಮ್ಮ ಕಡೆಯ ಸುರಂಗ ಅಂದರೆ ಒಬ್ಬ ಮನುಷ್ಯ ಹೇಗೋ ನುಗ್ಗಿ ಹಾರೆ ಆಡಿಸುವಷ್ಟೇ ಜಾಗ. ನೀರು ತಾನಾಗಿ ಹೊರಗೆ ಹರಿಯಬೇಕಾದ್ದರಿಂದ ಒಳಗೆ ಹೋದಂತೆ ನೆಲ ಒಂಚೂರು ಏರುತ್ತಾ ಹೋಗಬೇಕು. ಒಳಗೆ ಗಾಳಿ ಸಾಲದೆ ಬಂದರೆ ದೀಪ ಸಣ್ಣಗಾಗುತ್ತದೆ, ಅದೇ ಹೊರಗೆ ಬರಲಿಕ್ಕೆ ಸೂಚನೆ. 60 ಸೆಂಟಿಮೀಟರ್ ಅಗಲ, 1.8 ಮೀಟರ್ ಎತ್ತರ, 30 ಮೀಟರ್ ಉದ್ದದ ಒಂದು ಸುರಂಗ ಅಂದುಕೊ. 32 ಘನಮೀಟರ್ ಮುರಕಲ್ಲು, ಕಡಿಮೆಯೆಂದರೂ 65 ಟನ್. ಬುಟ್ಟಿಗೆ 25 ಕಿಲೋ ಹಿಡಿದರೆ 2,600 ಬುಟ್ಟಿ ಮಣ್ಣು. ಅಷ್ಟನ್ನೂ ಬಗ್ಗಿಕೊಂಡು ಹೊತ್ತು ಹೊರಗೆ ಹಾಕಿದ ಮೇಲೆ ನೀರಿಲ್ಲ ಅಂತ ತಿಳಿಯುವುದು, ಮರುದಿನ ಹೊಸ ಜಾಗದಲ್ಲಿ ಹಾರೆ ಇಡುವುದು! 65 ಟನ್ನಿನ ಲೆಕ್ಕ ಗೊತ್ತಿಲ್ಲದವನಿಗೆ ಆ ಮನುಷ್ಯನ ಎತ್ತರ ಅರ್ಧವೂ ಕಾಣುವುದಿಲ್ಲ.

ಭಯದ ಮಾತು ಬಾಕಿ ಉಂಟು. ಜೂನ್ ಜುಲೈಯ ಕಡಲು ಕರಾವಳಿಯ ಅತಿ ದೊಡ್ಡ ಬೆರಗು, ಇದನ್ನು ಯಾರೂ ಅಲ್ಲಗಳೆಯಲಾರರು. ಪ್ರತಿ ಮಳೆಗಾಲದಲ್ಲೂ ಬಂಡೆಯ ಮೇಲೆ ನಿಂತು ಅಲೆ ನೋಡಲಿಕ್ಕೆ ಹೋಗಿ ಜೀವ ಕಳೆದುಕೊಳ್ಳುವವರಿದ್ದಾರೆ. ಅಲೆಗಳೆಲ್ಲ ಒಂದೇ ಎತ್ತರ ಬರುವುದಿಲ್ಲ. ಬೇರೆ ಬೇರೆ ಉದ್ದದ ಅಲೆಗಳು ಬಂದು ಒಂದರ ಮೇಲೊಂದು ಕೂಡಿದಾಗ ಉಳಿದವುಗಳಿಗಿಂತ ಬಹಳ ಎತ್ತರದ್ದು ಒಂದು ಏಳುತ್ತದೆ. ಹತ್ತು ನಿಮಿಷ ಒಣಗಿದ್ದ ಬಂಡೆಯನ್ನು ಅದು ತೊಳೆದುಕೊಂಡು ಹೋಗಬಹುದು. ಹಾಗಾಗಿ ಸೋಮೇಶ್ವರವಾಗಲಿ, ಕಾಪುವಾಗಲಿ, ಒದ್ದೆಯಾದ ಕಲ್ಲು ಎಲ್ಲಿವರೆಗೆ ಉಂಟೋ ಅದಕ್ಕಿಂತ ಬಹಳ ಹಿಂದೆ, ಎತ್ತರದಲ್ಲಿ ನಿಲ್ಲು. ಜೀವಕ್ಕೆ ಅಪಾಯ ಎಂದು ಮೈಗೆ ಗೊತ್ತಾದ ಕೂಡಲೇ ಮನಸ್ಸು ಓಡುವ ದಾರಿ ಹುಡುಕುತ್ತದೆ, ನೋಡುವುದನ್ನು ಬಿಡುತ್ತದೆ. ಹತ್ತಿರ ಹೋದರೆ ಹೆಚ್ಚು ಕಾಣುತ್ತದೆ ಎಂಬುದು ಇಲ್ಲಿ ಸುಳ್ಳು.

ಕೊನೆಗೆ, ನಾವಿಬ್ಬರೂ ಸೇರಿ ಮಾಡಬೇಕಾದ ಒಂದು ಕೆಲಸ: ಭೂಮಿಯ ಸುತ್ತಳತೆ ಅಳೆಯುವುದು. ಏಪ್ರಿಲ್ 24ರಂದು ಮಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಉಡುಪಿಯಲ್ಲಿ ಮರುದಿನ. ಆಗಸ್ಟ್ 18ರ ಆಸುಪಾಸಿನಲ್ಲಿ ಮತ್ತೊಮ್ಮೆ ಬರುತ್ತದೆ, ಆಗ ಮೋಡ ನಂಬುವ ಹಾಗಿಲ್ಲ. ಧಾರವಾಡ ಮಂಗಳೂರಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಬರುತ್ತದೆ, ನೇರ ಅಂತರ ಸುಮಾರು 287 ಕಿಲೋಮೀಟರ್. ಹಾಗಾಗಿ ಎರಡೂ ಊರಿನಲ್ಲಿ ನಡುಹಗಲು ಒಂದೇ ಹೊತ್ತಿಗೆ, 12 ಗಂಟೆ 29 ನಿಮಿಷದ ಸುಮಾರಿಗೆ. ಹನ್ನೆರಡಕ್ಕೆ ಅಂದುಕೊಂಡು ಕೂತವರು ನೆರಳು ಹೋಗಲೇ ಇಲ್ಲ ಅಂತ ಎದ್ದುಹೋಗುತ್ತಾರೆ. ನಮ್ಮ ಗಡಿಯಾರ ಇನ್ನೂ ಪೂರ್ವದ ರೇಖಾಂಶದ್ದು, ಅದಕ್ಕೆ ಈ ಅರ್ಧ ಗಂಟೆ.

ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ಥೆನಿಸ್ ಮಾಡಿದ್ದು ಇದನ್ನೇ. ಈಜಿಪ್ಟಿನ ಸಯೀನ್‌ನಲ್ಲಿ ಸೂರ್ಯ ನೆತ್ತಿಯ ಮೇಲಿದ್ದ ದಿನ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ ವೃತ್ತದ ಐವತ್ತನೇ ಒಂದು ಭಾಗ ಬಂತು, ಎರಡೂ ಊರಿನ ಅಂತರವನ್ನು ಐವತ್ತರಿಂದ ಗುಣಿಸಿ ಭೂಮಿಯ ಸುತ್ತಳತೆ ಹೇಳಿದ. ನಾವು ಮಂಗಳೂರು, ಧಾರವಾಡ ಇಟ್ಟುಕೊಂಡು ಅದನ್ನೇ ಮಾಡಬಹುದು.

ಕೋಲು ನೆಟ್ಟು ನೆರಳು ಅಳೆಯಬೇಡ. ಕೋಲು ಒಂದು ಡಿಗ್ರಿ ವಾಲಿದರೂ ಎಲ್ಲ ಹಾಳು, ನೆರಳಿನ ಅಂಚೂ ಮಸುಕು. ಬದಲಿಗೆ ಒಂದು ರಟ್ಟು ತೆಗೆದುಕೊ, 20 ಸೆಂಟಿಮೀಟರ್ ಚೌಕ. ನಡುವೆ 4 ಮಿಲಿಮೀಟರಿನ ಒಂದೇ ತೂತು. ಅದನ್ನು ನಿಮ್ಮ ಮಾಳಿಗೆಯ ಮೇಲೆ ಏಣಿಗೆ ಕಟ್ಟಿ, ನೆಲದಿಂದ ಸರಿಯಾಗಿ 2 ಮೀಟರ್ ಎತ್ತರದಲ್ಲಿ ಅಡ್ಡವಾಗಿ ಹೊರಚಾಚಿ ನಿಲ್ಲಿಸು. ಗಾಳಿಗೆ ಅಲ್ಲಾಡದ ಹಾಗೆ ಏಣಿಯ ಕಾಲಿಗೆ ಕಲ್ಲು ಹೇರು. ಕೆಳಗೆ ಚಾರ್ಟ್ ಪೇಪರ್ ಅಂಟಿಸು. ಬೆಳಗ್ಗೆ ಗಾಳಿ ಇಲ್ಲದಾಗ ತೂತಿನ ಮೇಲೆ ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ನಡುವಿನಿಂದ ದಾರ ಇಳಿಸಿ ಮೇಸ್ತ್ರಿಗಳ ತೂಗುಗುಂಡು ಕಟ್ಟು. ಗುಂಡಿನ ಮೊನೆ ನಿಂತಲ್ಲಿ ಸಣ್ಣ ಚುಕ್ಕಿ ಹಾಕು. ಅದು ತೂತಿನ ನೇರ ಕೆಳಗಿನ ಜಾಗ. ನೆಲ ತುಸು ಇಳಿಜಾರಿದ್ದರೆ ದೊಡ್ಡ ನಷ್ಟವಿಲ್ಲ, ಚುಕ್ಕಿ ತಪ್ಪಿದರೆ ಮಾತ್ರ ಕೆಟ್ಟಿತು. ಆಮೇಲೆ ದಾರ ಕಡ್ಡಿ ಎರಡನ್ನೂ ತೆಗೆದುಬಿಡು, ರಟ್ಟನ್ನು ಮುಟ್ಟಬೇಡ.

ರಟ್ಟಿನ ನೆರಳಿನ ನಡುವೆ ಎರಡು ಸೆಂಟಿಮೀಟರ್ ಅಗಲದ ಒಂದು ಬೆಳಕಿನ ಬಿಲ್ಲೆ ಬೀಳುತ್ತದೆ. ಅದು ತೂತಿನ ಆಕಾರವಲ್ಲ, ಸೂರ್ಯನದೇ ಬಿಂಬ. ಹಲಸಿನ ಮರದ ಕೆಳಗೆ ಬೀಳುವ ದುಂಡು ಬೆಳಕುಗಳೂ ಹೀಗೇ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಮಂಗಳೂರು ಪೂರ್ತಿ ಬಳೆ ಕಾಣುವ ಪಟ್ಟಿಯ ಒಳಗಿತ್ತು, ಉಡುಪಿ ಹೊರಗೆ ಉಳಿಯಿತು. ಹಾಗಾಗಿ ಮರದ ಕೆಳಗಿನ ಆ ದುಂಡುಗಳು ಇಲ್ಲಿ ಬಳೆಗಳಾದವು, ಉಡುಪಿಯಲ್ಲಿ ಬಿದಿಗೆಯ ಚಂದ್ರನಷ್ಟೇ ಆದವು.

ನಿನ್ನ ಬಿಲ್ಲೆ 12:15ಕ್ಕೆ ಚುಕ್ಕಿಯ ಪಶ್ಚಿಮಕ್ಕೆ ಇರುತ್ತದೆ, ನಿಧಾನ ಪೂರ್ವಕ್ಕೆ ಸರಿಯುತ್ತದೆ. ನಿಮಿಷಕ್ಕೆ 8-9 ಮಿಲಿಮೀಟರ್. ಪೆನ್ಸಿಲಿನಿಂದ ಅದರ ಅಂಚು ಗುರುತು ಮಾಡಿ ಮುಗಿಸುವಷ್ಟರಲ್ಲಿ ಗೆರೆ ದಾಟಿ ಹೋಗಿರುತ್ತದೆ. ಇಲ್ಲಿ ಅಳತೆಯನ್ನು ಒಂದು ನಿಮಿಷ ಬಿಟ್ಟು ಸುಮ್ಮನೆ ಅದನ್ನು ನೋಡು ಮಾರಾಯಾ. ಭೂಮಿ ತಿರುಗುತ್ತದೆ ಎಂಬ ಮಾತನ್ನು ಒಂದನೇ ಕ್ಲಾಸಿನಿಂದ ಕೇಳಿದ್ದೇವೆ. ನಿನ್ನನ್ನೂ ಏಣಿಯನ್ನೂ ಮನೆಯನ್ನೂ ಧಾರವಾಡವನ್ನೂ ಹೊತ್ತುಕೊಂಡು ಅದು ತಿರುಗುವುದು ಈ ಕಾಗದದ ಮೇಲೆ ಕಣ್ಣೆದುರೇ ನಡೆಯುತ್ತಿರುತ್ತದೆ. ಕಾರಣ ಗೊತ್ತಿಲ್ಲದವನಿಗೆ ಅಲ್ಲಿ ಕಾಣುವುದು ಒಂದು ಬೆಳಕಿನ ಚುಕ್ಕೆ ಮಾತ್ರ.

12:15ರಿಂದ 12:45ರವರೆಗೆ ಐದೈದು ನಿಮಿಷಕ್ಕೆ ಬಿಲ್ಲೆಯ ಅಂಚು ಬರೆದು, ಪ್ರತಿಯೊಂದರ ನಡುಬಿಂದು ಹುಡುಕಿ ಗೆರೆ ಕೂಡಿಸು. ಚುಕ್ಕಿಗೆ ಆ ಗೆರೆ ಅತಿ ಹತ್ತಿರ ಬರುವ ಜಾಗದ ಅಂತರವೇ ನಮಗೆ ಬೇಕಾದದ್ದು. ಮಂಗಳೂರಿನಲ್ಲಿ ಬಿಲ್ಲೆ ಚುಕ್ಕಿಯ ಮೇಲೆಯೇ ಹಾದುಹೋಗುತ್ತದೆ, ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಅದನ್ನೂ ಬರೆದು ನಿನ್ನದರಿಂದ ಕಳೆಯುವುದೋ ಕೂಡಿಸುವುದೋ ನೋಡೋಣ. ನಿನ್ನಲ್ಲಿ ಅದು ಚುಕ್ಕಿಯ ಉತ್ತರಕ್ಕೆ ಸುಮಾರು 9 ಸೆಂಟಿಮೀಟರ್ ದೂರದಲ್ಲಿ ಹಾಯಬೇಕು. 9ನ್ನು 200ರಿಂದ ಭಾಗಿಸಿದರೆ 0.045, ಕೋನ 2.58 ಡಿಗ್ರಿ. 360ನ್ನು ಅದರಿಂದ ಭಾಗಿಸಿ 287ರಿಂದ ಗುಣಿಸಿದರೆ 40,000 ಕಿಲೋಮೀಟರ್ ದಾಟುತ್ತದೆ. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ 40,008. ನಿನ್ನ ಅಳತೆ 5 ಮಿಲಿಮೀಟರ್ ತಪ್ಪಿದರೆ ಉತ್ತರ ಸುಮಾರು 2,000 ಕಿಲೋಮೀಟರ್ ತಪ್ಪುತ್ತದೆ, ಆದ್ದರಿಂದ ತೂಗುಗುಂಡಿನ ಕೆಲಸವನ್ನು ಅವಸರದಲ್ಲಿ ಮಾಡಬೇಡ. ಸೂರ್ಯನ ಕಡೆ ನೇರ ನೋಡಬೇಡ. ಮನೆಯಲ್ಲಿ ಬಾವಿ ಇದ್ದರೆ ಇಣುಕಬೇಡ ಅಂತ ಇಲ್ಲಿಯ ಮಕ್ಕಳಿಗೆ ಹೇಳಬೇಕಾಗುತ್ತದೆ; ಆ ಹೊತ್ತಿಗೆ ಬಿಸಿಲು ತಳದ ನೀರಿಗೆ ನೇರ ಬಿದ್ದು ಕಣ್ಣಿಗೆ ಹೊಡೆಯುತ್ತದೆ.

ಆವತ್ತು 12:10ಕ್ಕೆ ಫೋನ್ ಮಾಡುತ್ತೇನೆ, ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡು. ಅಂತರವನ್ನು ದುಂಡಗೆ 9 ಅಂತ ಹೇಳಬೇಡ, ಬಂದದ್ದು ಬಂದ ಹಾಗೆ ಮಿಲಿಮೀಟರಿನಲ್ಲಿ ಓದಿ ಹೇಳು. ಮನೆಯ ಮಕ್ಕಳನ್ನು ಕೂರಿಸಿಕೊ, ಒಬ್ಬರು ಗಡಿಯಾರ ನೋಡಲಿಕ್ಕೆ, ಒಬ್ಬರು ಪೆನ್ಸಿಲ್ ಹಿಡಿಯಲಿಕ್ಕೆ ಬೇಕಾಗುತ್ತದೆ.

ನಿನ್ನ,
ಮಂಗಳೂರಿನ ಗೆಳೆಯ